ಕೈಗೆ ಬಂದ ನೆರವು

ಇಲ್ಲದವರಿಗೆ ಇದ್ದವರು ನೆರವಾಗಬೇಕೆಂಬ ಮಾತನ್ನು ಒಪ್ಪದವರು ವಿರಳ. ಆದರೆ ಆ ನೆರವು ಯಾವ ರೂಪದಲ್ಲಿರಬೇಕೆಂಬ ಪ್ರಶ್ನೆ ಎದ್ದಾಗ ಅಭಿಪ್ರಾಯಗಳು ಕವಲೊಡೆಯುತ್ತವೆ. ಧಾನ್ಯ ಕೊಡಬಹುದು, ಬಟ್ಟೆ ಕೊಡಬಹುದು, ಹಸುವನ್ನೋ ಹೊಲಿಗೆಯಂತ್ರವನ್ನೋ ಕೊಡಬಹುದು. ಹಣವನ್ನು ಮಾತ್ರ ಕೈಗೆ ಕೊಡಬಾರದು ಎಂಬುದು ಬಹುಕಾಲದಿಂದ ಬಂದ ಎಚ್ಚರಿಕೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ಈ ಎಚ್ಚರಿಕೆಯ ಬೆಂಬಲಕ್ಕೆ ನಿಲ್ಲುತ್ತದೆ. ಬಡವನ ಕೈಗೆ ಬಂದ ಹಣ ಹೆಂಡದಂಗಡಿಗೆ ಹೋದೀತು, ಅವನು ದುಡಿಮೆಯನ್ನು ಬಿಟ್ಟು ಸೋಮಾರಿಯಾದಾನು ಎಂಬ ಭಯ ಎಲ್ಲ ದೇಶಗಳಲ್ಲಿಯೂ ಉಂಟು. ಈ ಭಯ ಎಷ್ಟರಮಟ್ಟಿಗೆ ನಿಜ? ಪೂರ್ವ ಆಫ್ರಿಕದ ಕೀನ್ಯಾ ದೇಶದ ಹಳ್ಳಿಗಳು ಈ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರವನ್ನು ಕೊಟ್ಟಿವೆ.

ಕೀನ್ಯಾದ ಪಶ್ಚಿಮ ಭಾಗದಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಸಿಯಾಯ ಎಂಬ ಸೀಮೆಯಿದೆ. ಭೂಮಧ್ಯರೇಖೆಗೆ ತೀರ ಸಮೀಪವಾದ ಈ ನಾಡಿನಲ್ಲಿ ಲುವೊ ಜನರು ಹೆಚ್ಚಾಗಿ ವಾಸಿಸುತ್ತಾರೆ. ಮುಸುಕಿನ ಜೋಳವೇ ಅಲ್ಲಿನ ಮುಖ್ಯ ಬೆಳೆ. ಅದರ ಹಿಟ್ಟಿನಿಂದ ಮಾಡುವ ‘ಉಗಾಲಿ’ ಕರ್ನಾಟಕದ ಮುದ್ದೆಯನ್ನು ನೆನಪಿಗೆ ತರುವ ಊಟ. ತುಂಡು ಹೊಲ, ಒಂದೆರಡು ಆಡು, ನಾಲ್ಕಾರು ಕೋಳಿ, ಬಿಡುವಿನ ಕಾಲದಲ್ಲಿ ಕೂಲಿ, ಇವು ಬಡ ಕುಟುಂಬದ ಆಸ್ತಿ. ಮಳೆ ಕೈಕೊಟ್ಟರೆ ಹೊಲ ಬರಿದು. ಹಳೆಯ ಧಾನ್ಯ ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಾರದ ತಿಂಗಳುಗಳಲ್ಲಿ ಒಲೆ ಉರಿಯುವುದು ದಿನಕ್ಕೆ ಒಮ್ಮೆ ಮಾತ್ರ. ಅಂತಹ ಮನೆಯ ಮಾಡು ಹುಲ್ಲಿನದು; ಗೋಡೆ ಮಣ್ಣಿನದು.

ಇಂತಹ ಹಳ್ಳಿಗಳಲ್ಲಿ ‘ಗಿವ್‌ಡೈರೆಕ್ಟ್ಲಿ’ ಎಂಬ ಸಂಸ್ಥೆ ಹೊಸ ಬಗೆಯ ನೆರವನ್ನು ಆರಂಭಿಸಿತು. ಹುಲ್ಲಿನ ಮಾಡನ್ನೇ ಬಡತನದ ಗುರುತಾಗಿ ಹಿಡಿದು ಅದು ಕುಟುಂಬಗಳನ್ನು ಆರಿಸಿತು. ಧಾನ್ಯದ ಮೂಟೆಯಿಲ್ಲ, ಉಪದೇಶದ ಸಭೆಯಿಲ್ಲ, ‘ಇದಕ್ಕೇ ಖರ್ಚು ಮಾಡಬೇಕು’ ಎಂಬ ಷರತ್ತೂ ಇಲ್ಲ. ಹಣ ನೇರವಾಗಿ ಮೊಬೈಲ್ ಫೋನಿನ ಮೂಲಕ ಮನೆಯವರನ್ನು ತಲುಪಿತು. ಕೀನ್ಯಾದಲ್ಲಿ 2007ರಲ್ಲಿ ಆರಂಭವಾದ ‘ಎಂ-ಪೇಸಾ’ ಎಂಬ ವ್ಯವಸ್ಥೆ ಇದನ್ನು ಸಾಧ್ಯವಾಗಿಸಿತು. ಸ್ವಾಹಿಲಿ ಭಾಷೆಯಲ್ಲಿ ‘ಪೇಸಾ’ ಎಂದರೆ ಹಣ; ಭಾರತದ ‘ಪೈಸೆ’ಯನ್ನು ಅದು ನೆನಪಿಸುತ್ತದೆ. ಬ್ಯಾಂಕಿನ ಮುಖವನ್ನೇ ಕಾಣದ ರೈತ ಮಹಿಳೆಯೂ ತನ್ನ ಫೋನಿಗೆ ಬಂದ ಹಣವನ್ನು ಊರಿನ ಅಂಗಡಿಯಲ್ಲಿ ನಗದಾಗಿ ಪಡೆಯಬಲ್ಲಳು. ನಡುವೆ ಕೈಯೊಡ್ಡುವ ದಲ್ಲಾಳಿಗೆ ಅವಕಾಶ ಕಡಿಮೆ.

2011ರಿಂದ 2013ರವರೆಗೆ ನಡೆದ ಈ ಕಾರ್ಯದ ಫಲವನ್ನು ಹೌಶೋಫರ್ ಮತ್ತು ಶಾಪಿರೊ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಒಂದು ಕುಟುಂಬಕ್ಕೆ ದೊರೆತುದು ಕನಿಷ್ಠವೆಂದರೂ ಅದರ ಎರಡು ತಿಂಗಳ ವೆಚ್ಚದಷ್ಟು ಹಣ. ಹಣ ಪಡೆದ ಮನೆಗಳಲ್ಲಿ ಊಟದ ಪ್ರಮಾಣ ಹೆಚ್ಚಿತು. ದನಕರುಗಳ ಸಂಖ್ಯೆ ಬೆಳೆಯಿತು. ಮನಸ್ಸಿನ ನೆಮ್ಮದಿಯೂ ಹೆಚ್ಚಿತು. ಎಲ್ಲರೂ ಭಯಪಟ್ಟಿದ್ದ ಮದ್ಯ ಮತ್ತು ತಂಬಾಕಿನ ವೆಚ್ಚ ಮಾತ್ರ ಏರಲಿಲ್ಲ. ಬಡವನನ್ನು ಕುರಿತು ಬಹುಕಾಲದಿಂದ ಹೊರಿಸುತ್ತ ಬಂದಿದ್ದ ಆರೋಪವೊಂದು ಅಲ್ಲಿ ಹುಸಿಯಾಯಿತು.

ಹಲವು ಕುಟುಂಬಗಳು ಆ ಹಣದಿಂದ ಮನೆಗೆ ತಗಡಿನ ಮಾಡನ್ನು ಹಾಕಿಸಿಕೊಂಡವು. ಹೊರಗಿನಿಂದ ನೋಡುವವರಿಗೆ ಇದು ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂಬಂತೆ ಕಾಣಬಹುದು. ಆದರೆ ಆ ಮನೆಯ ಲೆಕ್ಕವೇ ಬೇರೆ. ಹುಲ್ಲಿನ ಮಾಡನ್ನು ಮೇಲಿಂದ ಮೇಲೆ ತೇಪೆ ಹಾಕಿ ಸರಿಪಡಿಸಬೇಕು; ಅದಕ್ಕೆ ಹುಲ್ಲು ಬೇಕು, ಆಳು ಬೇಕು, ಪ್ರತಿ ವರ್ಷವೂ ಹಣ ಬೇಕು. ತಗಡಿನ ಮಾಡು ಒಮ್ಮೆ ಹಾಕಿದರೆ ಅನೇಕ ವರ್ಷ ಬಾಳುತ್ತದೆ. ವರ್ಷವರ್ಷವೂ ಸೋರಿಹೋಗುತ್ತಿದ್ದ ಹಣ ಅಲ್ಲಿಗೆ ನಿಲ್ಲುತ್ತದೆ. ದೂರದ ನಗರದಲ್ಲಿ ಕುಳಿತು ಯೋಜನೆ ಸಿದ್ಧಪಡಿಸುವ ಅಧಿಕಾರಿಗೆ ಹಸುವೋ ಹೊಲಿಗೆಯಂತ್ರವೋ ಹೊಳೆದೀತೇ ಹೊರತು ತಗಡಿನ ಮಾಡು ಹೊಳೆಯುವುದು ಕಷ್ಟ. ಸೋರುವ ಮನೆಯ ಕಷ್ಟ ಅದರಲ್ಲಿ ಮಲಗುವವನಿಗೆ ಗೊತ್ತು. ನಗದು ನೆರವಿನ ನಿಜವಾದ ಬಲ ಇಲ್ಲಿದೆ: ಪ್ರತಿಯೊಂದು ಮನೆಯೂ ತನ್ನ ಕೊರತೆಯನ್ನು ತಾನೇ ಗುರುತಿಸಿ ತುಂಬಿಕೊಳ್ಳುತ್ತದೆ.

ಹಣವನ್ನು ಹೇಗೆ ಕೊಡಬೇಕು ಎಂಬುದೂ ಮುಖ್ಯವಾದ ಸಂಗತಿ. ತಿಂಗಳು ತಿಂಗಳು ಸ್ವಲ್ಪಸ್ವಲ್ಪವಾಗಿ ಬಂದ ಹಣ ಹೆಚ್ಚಾಗಿ ಊಟದ ಚಿಂತೆಯನ್ನು ದೂರಮಾಡಿತು; ಒಂದೇ ಸಲಕ್ಕೆ ಬಂದ ದೊಡ್ಡ ಮೊತ್ತ ಮಾಡು ಮೊದಲಾದ ಬಾಳಿಕೆಯ ವಸ್ತುಗಳಾಗಿ ರೂಪುಗೊಂಡಿತು. ಮುಂದೆ ಅದೇ ದೇಶದಲ್ಲಿ ಕೆಲವು ಹಳ್ಳಿಗಳಿಗೆ ಹನ್ನೆರಡು ವರ್ಷಗಳವರೆಗೆ ಪ್ರತಿ ತಿಂಗಳೂ ಹಣ ಕೊಡುವ ಯೋಜನೆಯೊಂದು ಮೊದಲಾಯಿತು. ಅದರ ಫಲಗಳು 2023ರಲ್ಲಿ ಹೊರಬಂದಾಗ ಒಂದು ಕುತೂಹಲದ ಸಂಗತಿ ತಿಳಿಯಿತು. ಬಹುಕಾಲ ಹಣ ಬರುವುದೆಂಬ ಭರವಸೆಯಿದ್ದ ಜನರು ಕರ್ನಾಟಕದ ‘ಚೀಟಿ’ಯನ್ನು ಹೋಲುವ ಗುಂಪುಗಳಲ್ಲಿ ಹಣ ಕೂಡಿಸಿ, ಸರದಿಯಂತೆ ದೊಡ್ಡ ಮೊತ್ತವನ್ನು ಪಡೆದು ಸಣ್ಣ ವ್ಯಾಪಾರಗಳನ್ನು ಆರಂಭಿಸಿದ್ದರು. ಒಟ್ಟಾರೆ ಅವರು ದುಡಿಯುವುದನ್ನು ಕಡಿಮೆ ಮಾಡಲಿಲ್ಲ. ಪರರ ಹೊಲದ ಕೂಲಿಯಿಂದ ಸ್ವಂತ ಉದ್ಯೋಗದ ಕಡೆಗೆ ಹೊರಳಿದರು. ಕೂತು ಉಣ್ಣುವವನನ್ನು ಕುರಿತು ಗಾದೆ ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕೂತು ಉಣ್ಣಲಿಲ್ಲ.

ಒಂದು ಮನೆಗೆ ಬಂದ ಹಣ ಆ ಮನೆಯಲ್ಲಿಯೇ ನಿಲ್ಲುವುದೂ ಇಲ್ಲ. 2014ರಿಂದ 2017ರವರೆಗೆ ಸಿಯಾಯದ 10,500ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಡಲಾಯಿತು. ತಗಡಿಗೆ ಕೊಟ್ಟ ಹಣ ಅಂಗಡಿಯವನಿಗೆ ಹೋಯಿತು. ಅವನಿಂದ ಬಡಗಿಗೆ, ಬಡಗಿಯಿಂದ ಧಾನ್ಯ ಮಾರುವವಳಿಗೆ. ಕೆರೆಗೆ ಬಿದ್ದ ಕಲ್ಲಿನಿಂದ ಅಲೆಗಳು ಹರಡುವಂತೆ ಕೊಟ್ಟ ಒಂದು ಡಾಲರ್ ಆ ಸೀಮೆಯಲ್ಲಿ ಸುಮಾರು ಎರಡೂವರೆ ಡಾಲರಿನಷ್ಟು ವ್ಯವಹಾರವನ್ನು ಹುಟ್ಟಿಸಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಹಣ ಪಡೆಯದ ಮನೆಗಳೂ ಅದರಿಂದ ಲಾಭ ಪಡೆದವು. ಬೆಲೆಗಳು ವಿಪರೀತ ಏರುವುವೆಂಬ ಆತಂಕವೂ ನಿಜವಾಗಲಿಲ್ಲ. ಏರಿಕೆ ತೀರ ಅಲ್ಪ.

ಹಾಗೆಂದು ನಗದು ನೆರವು ದೋಷರಹಿತವಾದುದೆಂದು ಭಾವಿಸಲಾಗದು. ಪಕ್ಕದ ಮನೆಗೆ ಹಣ ಬಂದು ತನಗೆ ಬಾರದಾಗ ಮನಸ್ಸು ಕಹಿಯಾಗುವುದು ಸಹಜ. ಆರಂಭದ ವರ್ಷಗಳಲ್ಲಿ ನೆರೆಯವರಲ್ಲಿ ಇಂತಹ ಅಸಮಾಧಾನ ಕಂಡುಬಂದಿತು; ಕಾಲ ಕಳೆದಂತೆ ಅದು ಕಡಿಮೆಯಾಯಿತು. ಇದೇ ಸೀಮೆಗೆ ಹತ್ತಿರದ ಹೋಮಾಬೇ ಎಂಬಲ್ಲಿ ಅನೇಕರು ಹಣವನ್ನೇ ನಿರಾಕರಿಸಿದರು. ಏನನ್ನೂ ಕೇಳದೆ ಯಾರಾದರೂ ಹಣ ಕೊಡುವರೇ, ಇದರ ಹಿಂದೆ ಏನೋ ಕೇಡಿರಬೇಕು ಎಂಬ ವದಂತಿ ಅಲ್ಲಿ ಹಬ್ಬಿತ್ತು. ನಂಬಿಕೆಯನ್ನು ಕೊಡುವವರು ಮೊದಲು ನಂಬಿಕೆಯನ್ನು ಗಳಿಸಬೇಕೆಂಬ ಪಾಠ ಇದರಲ್ಲಿದೆ.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಅದನ್ನು 2025ರಲ್ಲಿ ಹೊರಬಂದ ಅಧ್ಯಯನವೊಂದು ಸ್ಪಷ್ಟಪಡಿಸುತ್ತದೆ. ಸಿಯಾಯದಲ್ಲಿ ಹಣ ಪಡೆದ ಕುಟುಂಬಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ತುಂಬು ಗರ್ಭಿಣಿಯರು ದುಡಿಮೆಯಿಂದ ಬಿಡುವು ಪಡೆದರು, ಹೊಟ್ಟೆತುಂಬ ಉಂಡರು, ಹೆಚ್ಚಿನವರು ಆಸ್ಪತ್ರೆಯಲ್ಲಿ ಹೆತ್ತರು. ಆದರೆ ಈ ಫಲ ಹೆಚ್ಚಾಗಿ ದೊರೆತುದು ವೈದ್ಯರಿರುವ ಆಸ್ಪತ್ರೆಗೆ ಸಮೀಪದಲ್ಲಿದ್ದವರಿಗೆ. ಕೈಯಲ್ಲಿ ಹಣವಿದ್ದು ಹತ್ತಿರದಲ್ಲಿ ವೈದ್ಯನಿಲ್ಲದಿದ್ದರೆ ತಾಯಿ ಏನು ಮಾಡಿಯಾಳು? ಒಂದು ಕುಟುಂಬ ತನ್ನ ಹಣದಿಂದ ಮಾಡನ್ನು ಕೊಳ್ಳಬಹುದು, ಆಡನ್ನು ಕೊಳ್ಳಬಹುದು. ರಸ್ತೆಯನ್ನಾಗಲಿ ಶಾಲೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ಕೊಳ್ಳಲಾರದು. ಅವುಗಳನ್ನು ಕಟ್ಟುವುದು ಸರ್ಕಾರದ ಮತ್ತು ಸಮಾಜದ ಹೊಣೆ. ನಗದನ್ನು ಹಂಚಿದ ಮಾತ್ರಕ್ಕೆ ಆ ಹೊಣೆ ತೀರಿತೆಂದು ಕೈತೊಳೆದುಕೊಳ್ಳುವುದು ಬಡವನಿಗೆ ಮಾಡುವ ಮತ್ತೊಂದು ಅನ್ಯಾಯ.

ಆದುದರಿಂದ ನಗದು ಒಳ್ಳೆಯದೋ ಆಸ್ಪತ್ರೆ ಒಳ್ಳೆಯದೋ ಎಂಬ ವಾದವೇ ಸರಿಯಲ್ಲ. ಮನೆಯ ಅಗತ್ಯವನ್ನು ಮನೆಯವರ ವಿವೇಕಕ್ಕೆ ಬಿಡಬೇಕು. ಊರಿನ ಅಗತ್ಯವನ್ನು ಎಲ್ಲರೂ ಸೇರಿ ಪೂರೈಸಬೇಕು. ಬಡತನವೆಂದರೆ ಹಣದ ಕೊರತೆಯೇ ಹೊರತು ಬುದ್ಧಿಯ ಕೊರತೆಯಲ್ಲ. ಬರಗಾಲದಲ್ಲಿಯೂ ಮಕ್ಕಳನ್ನು ಸಾಕಿ, ಒಂದು ಹಿಡಿ ಹಿಟ್ಟನ್ನು ಮೂರು ಪಾಲು ಮಾಡಿ ಬದುಕಿದ ತಾಯಿಗೆ ಹಣದ ಲೆಕ್ಕವನ್ನು ಕಲಿಸುವ ಅಗತ್ಯವಿಲ್ಲ. ಆಕೆಯ ಕೈಗೆ ಹಣ ಸೇರಿದಾಗ ಅದರ ಜೊತೆಯಲ್ಲಿ ಗೌರವವೂ ಸೇರುತ್ತದೆ. ಪಡೆಯುವವರ ತಲೆ ಬಾಗದಂತೆ ಕೊಡುವುದೇ ನೆರವಿನ ನಿಜವಾದ ರೀತಿ.