ಒಬ್ಬಳಿಗಾಗಿ ಒಂದು ರೈಲು?



ಜಪಾನಿನ ಹೊಕ್ಕೈಡೊ ದ್ವೀಪದ ಕಾಮಿ-ಶಿರತಾಕಿ ಎಂಬ ಹಳ್ಳಿ ರೈಲು ನಿಲ್ದಾಣದ ಕಥೆಯನ್ನು ನೀವೂ ಓದಿರಬಹುದು. ಒಬ್ಬಳೇ ವಿದ್ಯಾರ್ಥಿನಿಗಾಗಿ ರೈಲ್ವೆಯವರು ಆ ನಿಲ್ದಾಣವನ್ನು ಮುಚ್ಚದೆ ಉಳಿಸಿದರು, ಆಕೆಯ ಶಾಲೆಯ ಸಮಯಕ್ಕೆ ಸರಿಯಾಗಿ ರೈಲು ಓಡಿಸಿದರು ಎಂಬ ಸುದ್ದಿ 2016ರ ಜನವರಿಯಲ್ಲಿ ಜಗತ್ತಿನಾದ್ಯಂತ ಹರಡಿತು. ಓದಿದವರ ಕಣ್ಣು ತುಂಬಿ ಬಂತು.

ವಿಚಾರಿಸಿ ನೋಡಿದರೆ ಸಂಗತಿ ಬೇರೆಯೇ ಇತ್ತು. ಹುಡುಗಿ ರೈಲು ಹತ್ತುತ್ತಿದ್ದುದು ಅಲ್ಲಿಂದಲ್ಲ, ಅದೇ ಮಾರ್ಗದ ಕ್ಯೂ-ಶಿರತಾಕಿಯಿಂದ. ಪ್ರಯಾಣಿಕರ ಕೊರತೆಯಿಂದಾಗಿ ಈ ಎರಡೂ ನಿಲ್ದಾಣಗಳನ್ನು ಆ ವರ್ಷದ ಮಾರ್ಚ್ 26ರಂದು ಮುಚ್ಚಲಾಯಿತು. ಜಪಾನಿನಲ್ಲಿ ಶಾಲಾ ವರ್ಷ ಮುಗಿಯುವುದೂ ರೈಲಿನ ವೇಳಾಪಟ್ಟಿ ಬದಲಾಗುವುದೂ ಮಾರ್ಚ್‌ನಲ್ಲೇ. ಎರಡೂ ಕೂಡಿ ಬಂದಾಗ ಕಥೆ ಹುಟ್ಟುವುದು ಸುಲಭ.

ಸುದ್ದಿ ಬಂದಾಗ ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನ್ ನಮಗೆ ಕಲಿಸಿದೆ. ಆದರೆ ಸುದ್ದಿ ಸಿಹಿಯಾಗಿದ್ದರೆ ನಾವು ಪರಿಶೀಲಿಸುವುದೇ ಇಲ್ಲ. ಕಣ್ಣೀರು ಹಾಕಿ ನಾಲ್ಕು ಮಂದಿಗೆ ಹಂಚಿದರೆ ಕರ್ತವ್ಯ ಮುಗಿಯಿತು!

ಆ ಕಥೆಯಲ್ಲಿ ನಿಜವಾದುದು ಒಂದಿದೆ. ಹಳ್ಳಿಯ ಹುಡುಗಿಯೊಬ್ಬಳ ಕಲಿಕೆ ಬೆಳಗಿನ ರೈಲನ್ನು ನಂಬಿಕೊಂಡಿತ್ತು. ಬಸ್ಸಿಲ್ಲವೆಂಬ ಕಾರಣಕ್ಕೆ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಹೆಣ್ಣು ಮಗಳು ನಿಮ್ಮ ಊರಿನಲ್ಲೂ ಇರಬಹುದು. ಆಕೆಯ ಮನೆಗೆ ಹೋಗಿ ವಿಚಾರಿಸಿದ್ದೀರಾ? ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತು ಮಾಡಿದರೆ ಆಕೆ ಕಾಲೇಜಿಗೆ ಹೋಗಬಲ್ಲಳು. ಆ ಸುದ್ದಿಯನ್ನು ಯಾರೂ ಹಂಚದಿರಬಹುದು. ಅಲ್ಲಾಹನು ಬಲ್ಲನು.