ಸದ್ದನ್ನು ತೂಗುವ ಗುಂಡಿ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿದು ಬಂದ ಮೇಲೆ ಅಲ್ಲಿಯ ಹೊಲಗಳ ಬಣ್ಣ ಬದಲಾದುದನ್ನು ಎಲ್ಲರೂ ಬಲ್ಲರು. ಊರುಗಳ ಸದ್ದು ಬದಲಾದುದನ್ನು ಹೇಳಿದವರು ಕಡಿಮೆ. ಜೋಳವಿದ್ದಲ್ಲಿ ಭತ್ತ ಬಂದಿತು; ಭತ್ತದ ಹಿಂದೆಯೇ ಅಕ್ಕಿಯ ಗಿರಣಿ, ಟ್ರ್ಯಾಕ್ಟರು, ಕಟಾವಿನ ಯಂತ್ರ. ಇವುಗಳ ಮೇಲೆ ಮದುವೆ, ಜಾತ್ರೆ, ಚುನಾವಣೆಗಳ ಧ್ವನಿವರ್ಧಕ. ತುರ್ವಿಹಾಳದಂಥ ಊರಿನಲ್ಲಿ, ಗಿರಣಿಯೊಂದರ ಸಮೀಪದಲ್ಲಿ, ಪರೀಕ್ಷೆಗೆ ಓದುವ ಮಗಳಿರುವ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆಯ ಯಜಮಾನರು ‘ಕಿವಿ ಹರಿದು ಹೋಗ್ತದ್ರೀ’ ಎನ್ನುತ್ತಾರೆ. ಗಿರಣಿಯ ಮಾಲಿಕರು ‘ಇದೇನು ಭಾಳ ಸಪ್ಪಳೇನ್ರೀ?’ ಎನ್ನುತ್ತಾರೆ. ಇಬ್ಬರ ಕಿವಿಗಳೂ ಪ್ರಾಮಾಣಿಕವೇ. ನಡುವೆ ಇಲ್ಲದಿರುವುದು ತಕ್ಕಡಿ ಮಾತ್ರ.

ಭಾರತ ಸರಕಾರವು 2000ದಲ್ಲಿ ಹೊರಡಿಸಿದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಾದರೆ ನೊಂದವರು ಅಧಿಕಾರಿಗೆ ದೂರು ಕೊಡಬಹುದು. ಈ ಲೆಕ್ಕದಲ್ಲಿ 65 ಎಂಬ ಅಂಕವು ಹಗಲಿನ ಹೊತ್ತು ನೆರೆಯವರ ಜಗಳವನ್ನು ದಫ್ತರಕ್ಕೆ ಒಯ್ಯುವ ಗಡಿ. ಡೆಸಿಬಲ್ಲಿನ ಲೆಕ್ಕವೂ ಸಾಮಾನ್ಯ ಲೆಕ್ಕವಲ್ಲ: 3 ಹೆಚ್ಚಿದರೆ ಸದ್ದಿನ ಶಕ್ತಿ ಸುಮಾರು ಎರಡು ಪಟ್ಟು, 10 ಹೆಚ್ಚಿದರೆ ಹತ್ತು ಪಟ್ಟು.

ಈ ಅಂಕವನ್ನು ಮನೆಯಲ್ಲಿಯೇ ತಿಳಿಯಲು ಇಂದು ಸಾಧ್ಯವಿದೆ. ಮೊಬೈಲು ದೂರವಾಣಿಯ ಕಿವಿತಂತಿಯಲ್ಲಿಯೋ ಹಳೆಯ ಟೇಪ್ ರೆಕಾರ್ಡರಿನಲ್ಲಿಯೋ ಇರುವ, ಅಂಗಿಯ ಗುಂಡಿಗಿಂತ ಚಿಕ್ಕದಾದ ಲೋಹದ ಡಬ್ಬಿ ಇದಕ್ಕೆ ಸಾಕು. ಅದರ ಹೆಸರು ಎಲೆಕ್ಟ್ರೆಟ್. ಅಯಸ್ಕಾಂತವು ಕಾಂತಶಕ್ತಿಯನ್ನು ಹೇಗೆ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುವುದೋ ಹಾಗೆಯೇ ವಿದ್ಯುದಾವೇಶವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವ ವಸ್ತುವಿಗೆ ಈ ಹೆಸರು. ಜಪಾನಿನ ಎಗುಚಿ ಎಂಬ ವಿಜ್ಞಾನಿ 1920ರ ಸುಮಾರಿನಲ್ಲಿ ಮೇಣವನ್ನು ಕರಗಿಸಿ ಇಂಥದನ್ನು ಮಾಡಿದ್ದನು. ಅದನ್ನು ಮೈಕಿಗೆ ತಂದವರು ಅಮೆರಿಕದ ಬೆಲ್ ಪ್ರಯೋಗಶಾಲೆಯ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್. ಅದು 1962ರ ಮಾತು. ಈ ವೆಸ್ಟ್ ಬಾಲ್ಯದಲ್ಲಿ ಹಳೆಯ ರೇಡಿಯೋ ಒಂದನ್ನು ರಿಪೇರಿ ಮಾಡಲು ಹೋಗಿ ವಿದ್ಯುತ್ತಿನ ಹೊಡೆತ ತಿಂದವನು. ಮಕ್ಕಳು ರೇಡಿಯೋ ಬಿಚ್ಚಿದರೆ ಗದರುವ ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಡಬಹುದು. ಆದರೆ ತಂತಿಯನ್ನು ಗೋಡೆಯಿಂದ ಕಿತ್ತಿಟ್ಟ ಮೇಲೆ.

ಡಬ್ಬಿಯೊಳಗಿನ ವ್ಯವಸ್ಥೆ ಸರಳ. ಬಲು ತೆಳುವಾದ ಪೊರೆಯೊಂದು ಲೋಹದ ಫಲಕದ ಎದುರು ನಿಂತಿರುತ್ತದೆ. ಸದ್ದು ತಾಗಿದಾಗ ಪೊರೆ ನಡುಗುತ್ತದೆ, ನಡುವಣ ಅಂತರ ಬದಲಾಗುತ್ತದೆ, ಆ ಬದಲಾವಣೆಯೇ ವಿದ್ಯುತ್ತಿನ ಏರಿಳಿತವಾಗುತ್ತದೆ. ಇದನ್ನು ಬಲಪಡಿಸಲು ಒಳಗೇ ಒಂದು ಪುಟ್ಟ ಟ್ರಾನ್ಸಿಸ್ಟರು ಇರುವುದರಿಂದ ಹೊರಗಿನಿಂದ ಅಲ್ಪ ವಿದ್ಯುತ್ತು ಬೇಕು: 9 ವೋಲ್ಟಿನ ಒಂದು ಬ್ಯಾಟರಿ, 2,200 ಓಮಿನ ಒಂದು ರೆಸಿಸ್ಟರು, ಬ್ಯಾಟರಿಯ ವಿದ್ಯುತ್ತು ಮುಂದೆ ನುಗ್ಗದಂತೆ ತಡೆಯುವ ಒಂದು ಕೆಪಾಸಿಟರು. ಇಷ್ಟೇ ಸಾಮಾನು. ಬೆಸುಗೆಯ ಕಡ್ಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು. ಕಾವಿಗೆ ಒಳಗಿನ ಆವೇಶ ಹಾಳಾಗುತ್ತದೆ. ಹಿಂಬದಿಯಲ್ಲಿ ಗಾಳಿಯ ರಂಧ್ರಗಳಿರುವ ಡಬ್ಬಿಯನ್ನು ಕೊಳ್ಳಬಾರದು. ಅದು ಒಂದು ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಕೇಳುತ್ತದೆ. ಅಳತೆಯ ಮೈಕು ಎಲ್ಲ ದಿಕ್ಕುಗಳನ್ನೂ ಸಮವಾಗಿ ಕೇಳಬೇಕು.

ಅದನ್ನು ಕೂರಿಸಬೇಕಾದುದು ಪೆಟ್ಟಿಗೆಯಲ್ಲಲ್ಲ, ಡಬ್ಬಿಯಷ್ಟೇ ದಪ್ಪದ, ಗೇಣುದ್ದದ ಹಿತ್ತಾಳೆಯ ಕೊಳವೆಯ ತುದಿಯಲ್ಲಿ. ಇದು ಅಂದಕ್ಕಾಗಿ ಅಲ್ಲ. ಮನುಷ್ಯನ ಕಿವಿಗೆ ಕೇಳಿಸುವ ಅತಿ ತಾರವಾದ ಸ್ವರದ ಅಲೆಯ ಉದ್ದ ಸುಮಾರು 17 ಮಿಲಿಮೀಟರು. ಅಗಲವಾದ ಪೆಟ್ಟಿಗೆ ಎದುರಾದರೆ ಅಂಥ ಅಲೆ ಅದಕ್ಕೆ ಬಡಿದು ಹಿಂದಿರುಗಿ ಮೈಕಿನ ಮುಂದೆ ಸದ್ದನ್ನು ಸುಳ್ಳಾಗಿ ಹೆಚ್ಚಿಸುತ್ತದೆ. 6 ಮಿಲಿಮೀಟರಿನ ಡಬ್ಬಿಯಾದರೆ ಅಲೆ ಅದನ್ನು ಬಹುಮಟ್ಟಿಗೆ ಲಕ್ಷಿಸದೆ ಸಾಗುತ್ತದೆ.

ಇಷ್ಟಾದರೆ ಮೈಕು ಸಿದ್ಧ. ಆದರೆ ತಕ್ಕಡಿ ಇನ್ನೂ ಸಿದ್ಧವಾಗಿಲ್ಲ. ಎಷ್ಟೋ ಉತ್ಸಾಹಿಗಳು ಎಡವುವುದು ಇಲ್ಲಿಯೇ. 1934ರಲ್ಲಿ ಬೆಂಗಳೂರಿನಲ್ಲಿದ್ದ ಸರ್ ಸಿ. ವಿ. ರಾಮನ್ ನಮ್ಮ ಚರ್ಮವಾದ್ಯಗಳನ್ನು ಕುರಿತು ಪ್ರಬಂಧ ಪ್ರಕಟಿಸಿದರು. ವಾದ್ಯದ ಮುಖದ ಮೇಲೆ ಮರಳು ಉದುರಿಸಿ, ನುಡಿಸಿದಾಗ ಅದು ಎಲ್ಲಿ ನಿಲ್ಲುವುದೆಂದು ನೋಡಿ, ಚರ್ಮದ ಕಂಪನದ ರೀತಿಯನ್ನು ಕಂಡುಕೊಂಡರು. ಮರಳಿನ ಗೆರೆ ಕಂಪನದ ಆಕಾರವನ್ನು ಹೇಳುತ್ತದೆ, ಪ್ರಮಾಣವನ್ನು ಹೇಳದು. ಮನೆಯಲ್ಲಿ ಮಾಡಿದ ಮೈಕಿನ ಸ್ಥಿತಿಯೂ ಮೊದಲಿಗೆ ಹೀಗೆಯೇ. ಕಂಪ್ಯೂಟರಿನ ಪರದೆಯ ಮೇಲೆ ಅಂದವಾದ ರೇಖೆಗಳು ಮೂಡುತ್ತವೆ, 68 ಎಂಬ ಅಂಕವೂ ಮೂಡುತ್ತದೆ. ಅದು ಯಾವುದರ 68 ಎಂಬುದು ಮೈಕಿಗೂ ತಿಳಿಯದು, ಕಂಪ್ಯೂಟರಿಗೂ ತಿಳಿಯದು. ಒಂದೇ ಕಾರ್ಖಾನೆಯ ಒಂದೇ ಬಗೆಯ ಎರಡು ಡಬ್ಬಿಗಳಲ್ಲಿಯೂ ಕೆಲವು ಡೆಸಿಬಲ್ ವ್ಯತ್ಯಾಸವಿರುವುದುಂಟು.

ಆದುದರಿಂದ ಸೇರಿಗೆ ಮುದ್ರೆ ಒತ್ತಿಸುವಂತೆ ಮೈಕಿಗೂ ಒಪ್ಪಿತವಾದ ಒಂದು ಸದ್ದನ್ನು ಕೇಳಿಸಬೇಕು. ಇದಕ್ಕೆಂದೇ ಮಾಡಿದ ಉಪಕರಣವು ಸೆಕೆಂಡಿಗೆ 1,000 ಕಂಪನಗಳ ಸ್ವರವನ್ನು ಸರಿಯಾಗಿ 94 ಡೆಸಿಬಲ್ಲಿನಲ್ಲಿ ನುಡಿಯುತ್ತದೆ. ಅದು ದೊರೆಯದಿದ್ದರೆ, ಮುದ್ರೆ ಪಡೆದ ಶಬ್ದಮಾಪಕವೊಂದನ್ನು ಇಂಜಿನಿಯರಿಂಗ್ ಕಾಲೇಜಿನಿಂದಲೋ ಪರಿಚಿತರಿಂದಲೋ ಒಂದು ಗಳಿಗೆ ಕೇಳಿ ತಂದು, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಒಂದೇ ಸದ್ದನ್ನು ಕೇಳಿಸಿ, ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ರಾಯಚೂರು ಜಿಲ್ಲೆಯ ಬೇಸಗೆ 40 ಡಿಗ್ರಿ ದಾಟುವಂಥದು; ಬೇಸಗೆ ಕಳೆದ ಮೇಲೆ ಮತ್ತೊಮ್ಮೆ ಹೋಲಿಸಿ ನೋಡುವುದು ಲೇಸು. ನಿಯಮವು ಕೇಳುವುದು ಕಿವಿಯ ಗ್ರಹಣಕ್ಕೆ ಹೊಂದಿಸಿದ ‘ಎ’ ಮಾದರಿಯ ಡೆಸಿಬಲ್ಲನ್ನು, ಅದೂ ಒಂದು ಅವಧಿಯ ಸರಾಸರಿಯನ್ನು. ಲಾರಿಯ ಒಂದು ಹಾರನ್ನನ್ನಲ್ಲ. ಇನ್ನು ನಡುರಾತ್ರಿಯ ನಿಶ್ಶಬ್ದವನ್ನು ಅಳೆಯುವ ಆಸೆ ಬೇಡ. ಈ ಪುಟ್ಟ ಡಬ್ಬಿಗೆ ತನ್ನದೇ ಆದ ಸುಯ್ಯೆನ್ನುವ ಸದ್ದು ಸುಮಾರು 30 ಡೆಸಿಬಲ್ಲಿನಷ್ಟಿರುತ್ತದೆ.

ಹೀಗೆ ಸರಿನೋಡಿದ ಮೇಲೆ ನಮ್ಮ ಕಲ್ಪನೆಯ ಮನೆಯಲ್ಲಿ ಮೂಡಿದ್ದ 68 ಎಂಬ ಅಂಕವು 62ಕ್ಕೆ ಇಳಿದರೂ ಇಳಿಯಬಹುದು. ಆಗ ದೂರಿನ ಗಡಿಗೆ 3 ಕಡಿಮೆ. ಬರೆದಿಟ್ಟ ಅರ್ಜಿಯನ್ನು ಯಜಮಾನರು ಹರಿಯಬೇಕಾಗುತ್ತದೆ. ಆದರೆ ಮಿತಿಗಿಂತ 7 ಹೆಚ್ಚೆಂಬುದು ಉಳಿದೇ ಉಳಿಯುತ್ತದೆ. ಆ ಹಾಳೆಯನ್ನು ಹಿಡಿದು ಸಂಜೆ ಗಿರಣಿಗೆ ಹೋಗಿ, ಮಾಲಿಕರನ್ನು ಕರೆತಂದು ಮಗಳ ಓದುವ ಕೋಣೆಯ ಕಿಟಕಿಯಲ್ಲಿ ಅದೇ ಮೈಕನ್ನು ತೋರಿಸಿ, ಗಿರಣಿಯ ಆ ಬದಿಯ ಬಾಗಿಲನ್ನು ಒಮ್ಮೆ ಮುಚ್ಚಿಸಿ, ಅಂಕ ಎಷ್ಟಕ್ಕೆ ಇಳಿಯುವುದೆಂದು ಇಬ್ಬರೂ ಕೂಡಿ ನೋಡಬಹುದು.