ಮನೆ ನೋಡಲು ಹೋದಾಗ ಸ್ವಿಚ್ಚು ಒತ್ತುವ ಸಂಕೋಚ

ಗುತ್ತಲದಂತಹ ಊರಿನಲ್ಲಿ ಮನೆ ಕೊಳ್ಳುವವರಾಗಲಿ, ಭೋಗ್ಯಕ್ಕೆ ಹಿಡಿಯುವವರಾಗಲಿ ಗೋಡೆ ನೋಡುತ್ತಾರೆ, ನೀರು ವಿಚಾರಿಸುತ್ತಾರೆ, ಉತಾರ ತರಿಸುತ್ತಾರೆ. ಮನೆಯೊಡನೆ ಬರುವ ಗೀಸರ್, ಮೋಟಾರು, ಇನ್ವರ್ಟರ್‌ಗಳನ್ನು ಚಾಲೂ ಮಾಡಿ ನೋಡುವವರು ವಿರಳ. ಮನೆಯವರೆದುರು ಸ್ವಿಚ್ಚು ಒತ್ತಿದರೆ ಅವರ ಮಾತನ್ನೇ ಶಂಕಿಸಿದಂತೆ ಎಂಬ ಸಂಕೋಚ. ಈ ಸಂಕೋಚವನ್ನು ನಾವು ಬಿಡಬೇಕು.

ನಮ್ಮ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಳ್ಳುವವನು ಚೀಲದ ಬಾಯಿಯನ್ನಷ್ಟೇ ನೋಡಿ ದರ ಕಟ್ಟುವುದಿಲ್ಲ. ಒಳಗೆ ಕೈ ಹಾಕಿ ತೇವ ನೋಡುತ್ತಾನೆ. ಅದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಪ್ರವಾದಿ(ಸ)ರೂ ಧಾನ್ಯದ ರಾಶಿಯೊಳಗೆ ಕೈ ಹಾಕಿದ್ದರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತೆಂದು ಅವರು ಎಚ್ಚರಿಸಿದರು. ವಂಚಿಸುವವನನ್ನು ತಮ್ಮವನೆಂದು ಒಪ್ಪಲಿಲ್ಲ. ನೆನೆದ ಧಾನ್ಯವನ್ನು ಮಾರಲೇಬಾರದು ಎನ್ನಲಿಲ್ಲ ಎಂಬುದನ್ನೂ ಗಮನಿಸಬೇಕು.

ಮನೆಯ ಉಪಕರಣದಲ್ಲಿ ಅಡಗಿದ ದೋಷ ಹಣದ ನಷ್ಟಕ್ಕೇ ಮುಗಿಯುವುದಿಲ್ಲ. ಮೂರು ಪಿನ್ನಿನ ಸಾಕೆಟ್ ಇದ್ದು ಅದರ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲದ ಮನೆಗಳಿವೆ. ಅಲ್ಲಿ ಗೀಸರ್‌ನ ಕಾಯಿಲ್ ಸೀಳಿದರೆ ವಿದ್ಯುತ್ತು ನೀರಿಗೆ, ನಲ್ಲಿಗೆ ಇಳಿಯುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಕೂರಿಸಿದ್ದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಸ್ನಾನಕ್ಕೆ ಹೋದ ಮಗುವಿನ ಪ್ರಾಣ ತೆಗೆಯಬಲ್ಲದು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ. ಕರೆಂಟು ಕಡಿದುಹೋಗದಿದ್ದರೆ ಅದನ್ನು ನಂಬುವಂತಿಲ್ಲ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಆ ಗುಂಡಿ ಹೇಳದು, ಅದಕ್ಕೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯಬೇಕು. ಕರೆಂಟಿಲ್ಲದ ಹೊತ್ತು ನೋಡಿ ಮನೆ ತೋರಿಸುವ ಜಾಣರೂ ಇದ್ದಾರೆ. ಇನ್ನೊಂದು ದಿನ ಹೋಗುವುದೇ ಲೇಸು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಂತೆ, ಮಾರುವವನು ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಹತ್ವದ ದೋಷವನ್ನು ತಿಳಿಸಲೇಬೇಕು. ಆದರೆ ಈ ಹೊಣೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೋಷಕ್ಕೆ ಮಾತ್ರ. ಒಂದು ಸ್ವಿಚ್ಚು ಒತ್ತಿದ್ದರೆ ತಿಳಿಯುತ್ತಿದ್ದ ದೋಷಕ್ಕೆ ಆಮೇಲೆ ಕೋರ್ಟಿನಲ್ಲಿ ಆಸರೆ ಸಿಗುವುದು ಕಷ್ಟ. ಹಾಗೆಂದು, ಕೇಳಲಿಲ್ಲವಲ್ಲ ಎಂದು ಸುಮ್ಮನಿದ್ದು ಕಾಯ್ದೆಯಿಂದ ಪಾರಾದ ಮಾಲೀಕನು ಅಲ್ಲಾಹನ ಮುಂದೆಯೂ ಪಾರಾದನೆಂದು ನಾವು ಹೇಳಲಾರೆವು.

ಕರಾರು ಪತ್ರದೊಡನೆ ಇನ್ನೊಂದು ಹಾಳೆಯಿರಲಿ. ಮನೆಯಲ್ಲಿ ಬಿಟ್ಟುಕೊಡುವ ಪ್ರತಿಯೊಂದು ಉಪಕರಣದ ಹೆಸರು, ಅಂದಿನ ಅದರ ಸ್ಥಿತಿ, ಇಬ್ಬರ ಸಹಿ. ಕೆಟ್ಟದ್ದನ್ನು ಕೆಟ್ಟಿದೆ ಎಂದೇ ಬರೆದು ದರದಲ್ಲಿ ಕಳೆಯಲಿ. ಭೋಗ್ಯದ ಅವಧಿ ಮುಗಿದು ಮನೆ ಬಿಡುವಾಗ, ತಮ್ಮ ಕೈಯಲ್ಲಿ ಸುಟ್ಟುಹೋದ ಮೋಟಾರನ್ನು ಬಾಡಿಗೆಯವರು ತೋರಿಸಬೇಕಾದದ್ದೂ ಅದೇ ಹಾಳೆಯ ಮೇಲೆ.